ಮನೆಯಲ್ಲೇ ಆಪೆರಾ: ವಿಡಿಯೊ, ವಕ್ಕಾಯಿ ಪುಸ್ತಕ, ಆನ್‌ಲೈನ್ ಟೀಚರ್

ಶಿರಸಿಯಲ್ಲಿ ಹಿಂದೂಸ್ತಾನಿ ಕಲಿಯುತ್ತೇನೆಂದರೆ ಗುರುಗಳು ಸಿಗುತ್ತಾರೆ, ಯಕ್ಷಗಾನದ ಭಾಗವತಿಕೆಗೂ ಸಿಗುತ್ತಾರೆ. ಪಾಶ್ಚಾತ್ಯರ ಸಂಗೀತ ನಾಟಕದ ಹಾಡುಗಾರಿಕೆಯಾದ ಆಪೆರಾ ಎಂದರೆ ಮಾತ್ರ ಮನೆಯೇ ಶಾಲೆ. ಮೂರು ದಾರಿ ಹಿಡಿದು ನೋಡಿದೆ: ಯೂಟ್ಯೂಬಿನ ಪುಕ್ಕಟೆ ಪಾಠ, ಇಟಲಿಯ ಹಳೆಯ ಅಭ್ಯಾಸ ಪುಸ್ತಕ, ವಿಡಿಯೊ ಕಾಲ್‌ನಲ್ಲಿ ಕಲಿಸುವ ಟೀಚರ್. ಕೈಯಲ್ಲಿರುವ ದುಡ್ಡನ್ನು ಟೀಚರ್‌ಗೆ ಕೊಡಿ ಎನ್ನುವವಳು ನಾನು. ಆದರೆ ವಾರ ವಾರ ಬೇಡ, ತಿಂಗಳಿಗೊಮ್ಮೆ ಸಾಕು. ಉಳಿದ ದಿನಗಳನ್ನು ಪುಸ್ತಕ ನೋಡಿಕೊಳ್ಳುತ್ತದೆ.

ಕಲಿಯಬೇಕಾದದ್ದು ಏನು ಎಂಬುದು ಮೊದಲು ಗೊತ್ತಿರಬೇಕು. ಆಪೆರಾ ಗಾಯಕರು ಮೈಕ್ ಇಲ್ಲದೆ ಇಡೀ ಆರ್ಕೆಸ್ಟ್ರಾವನ್ನು ದಾಟಿ ಕೇಳಿಸಬೇಕು. ಅದು ಕೂಗಿನ ಬಲದಿಂದ ಆಗುವ ಕೆಲಸವಲ್ಲ. ಆರ್ಕೆಸ್ಟ್ರಾದ ಸದ್ದಿನ ಬಲ ಹೆಚ್ಚಿರುವುದು ಸುಮಾರು 500 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸು. ಮೇಲೆ ಹೋದಂತೆ ಅದು ಇಳಿಯುತ್ತದೆ. ಪಳಗಿದ ಗಂಟಲು, ಅದರಲ್ಲೂ ಗಂಡಸರದ್ದು, 3000 ಹರ್ಟ್ಸ್ ಹತ್ತಿರ ಒಂದು ಹೊಳಪು ಹುಟ್ಟಿಸಿಕೊಂಡು ಆ ಖಾಲಿ ಜಾಗದಲ್ಲಿ ನುಗ್ಗುತ್ತದೆ. ಉಸಿರಿನ ಹಿಡಿತ, ಕೆಳಗಿಳಿದು ನಿಂತ ಧ್ವನಿಪೆಟ್ಟಿಗೆ, ಮೇಲೆದ್ದ ಕಿರುನಾಲಿಗೆಯ ಭಾಗ ಎಲ್ಲ ಇದಕ್ಕೇ.

ವಿಡಿಯೊಗಳಿಂದ ನನಗೆ ದಕ್ಕಿದ್ದು ಒಂದೇ ಸಂಗತಿ, ಆದರೆ ಅದು ಚಿನ್ನದಂಥದ್ದು: ಸ್ಟ್ರಾ ಅಭ್ಯಾಸ. ಲೋಟದ ನೀರಿನಲ್ಲಿ ಎರಡು ಬೆರಳಷ್ಟು ಸ್ಟ್ರಾ ಇಳಿಸಿ, ಗುಳ್ಳೆ ಎಬ್ಬಿಸುತ್ತ ಸ್ವರ ಹಿಡಿಯುವುದು. ಬಾಯಿಯ ದಾರಿ ಕಿರಿದಾದಾಗ ಗಾಳಿ ಹಿಂದಕ್ಕೆ ಒತ್ತುತ್ತದೆ, ಧ್ವನಿತಂತುಗಳು ಒಂದಕ್ಕೊಂದು ಜೋರಾಗಿ ಬಡಿಯುವುದಿಲ್ಲ. ಇದನ್ನು ಪ್ರಚುರಪಡಿಸಿದವರು ಅಮೆರಿಕದ ಧ್ವನಿವಿಜ್ಞಾನಿ ಇಂಗೊ ಟಿಟ್ಜೆ. ಗಂಟಲು ದಣಿದ ಸಂಜೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಸಿಕ್ಕಿಲ್ಲ, ಕಷಾಯವೂ ಸೇರಿದಂತೆ. ಉಸಿರಿನ ವಿಷಯಕ್ಕೆ ಬಂದರೆ ವಿಡಿಯೊಗಳದು ಬರೀ ಗೊಂದಲ. ಒಬ್ಬರು ಹೊಟ್ಟೆ ಮುಂದೆ ತಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಒಳಗೆ ಎಳೆಯಿರಿ ಎನ್ನುತ್ತಾರೆ. ಇಬ್ಬರಿಗೂ ನಾನು ಹಾಡುವುದು ಕೇಳಿಸುವುದಿಲ್ಲವಲ್ಲ!

ಪುಸ್ತಕ ನಿಕೊಲಾ ವಕ್ಕಾಯಿ 1832ರಲ್ಲಿ ಬರೆದದ್ದು. ಹದಿನೈದು ಪಾಠ, ಕಾಪಿರೈಟ್ ಮುಗಿದಿರುವುದರಿಂದ ಇಂಟರ್‌ನೆಟ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಒಣ 'ಆ'ಕಾರದ ಬದಲು ಮೊದಲ ಪಾಠದಿಂದಲೇ ಮೆಟಾಸ್ಟಾಸಿಯೊ ಕವಿಯ ಸಾಲುಗಳಿವೆ, ಹಾಗಾಗಿ ಅಭ್ಯಾಸವೇ ಹಾಡಾಗುತ್ತದೆ. ನಮ್ಮ ಕಡೆಯವರಿಗೆ ಇದು ಒಗ್ಗಲು ಇನ್ನೊಂದು ಕಾರಣವಿದೆ. ಮೊದಲ ಪಾಠ ಮೇಜರ್ ಸ್ಕೇಲ್, ಅಂದರೆ ನಮ್ಮ ಹಿಂದೂಸ್ತಾನಿಯ ಬಿಲಾವಲ್ ಥಾಟಿನ ಶುದ್ಧ ಸ್ವರಗಳೇ. ಅಲ್ಲಿಂದ ಮುಂದೆ ಸಾ-ಗ, ರಿ-ಮ ಎಂಬಂತೆ ಜಿಗಿತಗಳು, ಆಮೇಲೆ ಇನ್ನೂ ದೊಡ್ಡ ಜಿಗಿತಗಳು. ಐದು ಗೆರೆಯ ನೊಟೇಶನ್ ಓದಲು ಬಾರದಿದ್ದರೆ ಒಮ್ಮೆ ಕುಳಿತು ಸರಿಗಮದಲ್ಲಿ ಬರೆದುಕೊಂಡರಾಯಿತು. ನಾನು ಮನೆಯ ಹಾರ್ಮೋನಿಯಂ ಇಟ್ಟುಕೊಂಡೇ ಹಾಡಿದೆ. ಪಿಯಾನೊ ಇಲ್ಲ ಎಂದು ಯಾರೂ ಕೈ ಕಟ್ಟಿ ಕೂರಬೇಕಿಲ್ಲ. ಪುಸ್ತಕದ ಕೊರತೆ ಏನೆಂದರೆ, ಸ್ವರ ಎಲ್ಲಿಗೆ ಹೋಗಬೇಕು ಎನ್ನುತ್ತದೆ, ಗಂಟಲು ಏನು ಮಾಡಬೇಕು ಎನ್ನುವುದಿಲ್ಲ.

ಅದಕ್ಕೇ ಟೀಚರ್. ನನ್ನವರು ಮುಂಬೈಯವರು. ಮೊದಲ ಪಾಠದಲ್ಲೇ ಗದ್ದದ ಕೆಳಗಿನ ಮೆದು ಜಾಗದಲ್ಲಿ ಹೆಬ್ಬೆರಳು ಇಟ್ಟುಕೊಂಡು ಹಾಡಲು ಹೇಳಿದರು. ಸ್ವರ ಮೇಲೇರುತ್ತಿದ್ದಂತೆ ಅಲ್ಲಿ ಕಲ್ಲಿನಂತೆ ಗಟ್ಟಿ. ನಾಲಿಗೆಯ ಬುಡ ಗಂಟಲನ್ನು ಒತ್ತುತ್ತಿತ್ತು. ಇದನ್ನು ವಿಡಿಯೊ ಹೇಳುವುದು ಹೇಗೆ? ಹಾಡುವವರಿಗೆ ತಮ್ಮ ದನಿ ತಲೆಬುರುಡೆಯ ಮೂಳೆಯ ಮೂಲಕವೂ ಕೇಳುತ್ತದೆ, ಆದ್ದರಿಂದ ಒಳಗೆ ಗುಂಡಗೆ ಗಂಭೀರವಾಗಿ ಕೇಳಿದ್ದು ಹೊರಗೆ ಮಂಕಾಗಿರಬಹುದು. ಉಸಿರಿನ ಗೊಂದಲವನ್ನೂ ಅವರು ಎರಡೇ ಮಾತಿನಲ್ಲಿ ಬಿಡಿಸಿದರು: ಹೊಟ್ಟೆ ಬಿಡು, ಪಕ್ಕೆಲುಬು ನೋಡು. ಉಸಿರೆಳೆದಾಗ ಅಗಲವಾದ ಪಕ್ಕೆ ಹಾಡುವಾಗ ಬೇಗ ಕುಸಿಯದಂತೆ ಹಿಡಿಯುವುದೇ ಇಟಲಿಯವರ ಅಪ್ಪೊಜ್ಜೊ.

ಆನ್‌ಲೈನ್ ಪಾಠದ ತಾಪತ್ರಯಗಳೂ ಇವೆ. ಉದ್ದಕ್ಕೆ ಹಿಡಿದ ಸ್ವರವನ್ನು ಆ್ಯಪ್ ಫ್ಯಾನಿನ ಸದ್ದು ಎಂದುಕೊಂಡು ನುಂಗಿಬಿಡುತ್ತದೆ. ಜೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಆನ್ ಮಾಡಿದರೆ ಮಾತ್ರ ದನಿ ಇದ್ದಂತೆ ಹೋಗುತ್ತದೆ. ಅವರು ನುಡಿಸುತ್ತ ನಾನು ಹಾಡುವುದಂತೂ ಆಗದ ಮಾತು, ಸದ್ದು ತಡವಾಗಿ ತಲುಪುತ್ತದೆ. ಇನ್ನು ಆಷಾಢದಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಪಾಠವೂ ಇಲ್ಲ, ರೆಕಾರ್ಡಿಂಗೂ ಇಲ್ಲ. ಕರೆಂಟ್ ಇದ್ದರೆ ತಾನೆ!

ಹಿಂದೂಸ್ತಾನಿ ಕಲಿತವರಿಗೆ ಅರ್ಧ ದಾರಿ ಸವೆದಿರುತ್ತದೆ. ಖರ್ಜದ (ಕೆಳಗಿನ ಸ್ವರಗಳ) ಸಾಧನೆ, ತೆರೆದ 'ಆ'ಕಾರ ಎರಡೂ ಇಲ್ಲಿ ಉಪಯೋಗಕ್ಕೆ ಬಂದವು. ಕಷ್ಟ ಆದದ್ದು ವೈಬ್ರಾಟೊ. ಸೆಕೆಂಡಿಗೆ ಐದರಿಂದ ಏಳು ಬಾರಿ ದನಿ ಸಣ್ಣಗೆ ತೂಗುವುದು ಅಲ್ಲಿ ಆರೋಗ್ಯದ ಲಕ್ಷಣ. ಸ್ವರ ಅಲುಗಬಾರದು ಎಂದು ಬೈಸಿಕೊಂಡು ಬೆಳೆದ ನನಗೆ ಅದನ್ನು ತಡೆಯದೆ ಬಿಡುವುದೇ ಸಾಧನೆಯಾಯಿತು. ಆಚೆಮನೆ ದೊಡ್ಡಮ್ಮ ಒಮ್ಮೆ ಬೇಲಿಯ ಹತ್ತಿರ ಬಂದು "ಎಂತ ಆತೇ, ಯಾರಿಗಾದ್ರೂ ಹುಷಾರಿಲ್ಯನೇ?" ಎಂದು ಕೇಳಿದ್ದೂ ಉಂಟು.

ಮೂರೂ ದಾರಿ ಸೋತದ್ದು ಒಂದೇ ಕಡೆ. ಕಪ್ಪು ನಾಲ್ಕರಲ್ಲಿ, ಅಂದರೆ ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆಯಲ್ಲಿ, ಷಡ್ಜ ಇಟ್ಟು ಹಾಡುವವಳು ನಾನು, ತಾರ ಪಂಚಮ (ಮೇಲಿನ ಸಪ್ತಕದ ಪ) ಮುಟ್ಟಿದರೆ ಅದೇ ದೊಡ್ಡದು. ಆಪೆರಾದಲ್ಲಿ ದನಿ ತಿರುವು ತೆಗೆದುಕೊಳ್ಳುವ ಜಾಗ, ಅವರ ಪಸ್ಸಾಜ್ಜೊ, ಅದಕ್ಕೂ ಸ್ವಲ್ಪ ಮೇಲೆ, ಬಿಳಿ ಮೂರು-ನಾಲ್ಕರ ಆಸುಪಾಸು. ಅಲ್ಲಿ ಫೋನಿನ ಮೈಕ್ ತಾನೇ ಸದ್ದು ತಗ್ಗಿಸುವುದರಿಂದ ಟೀಚರ್‌ಗೂ ಸರಿಯಾಗಿ ತಿಳಿಯುವುದಿಲ್ಲ. ಎದುರಿಗೇ ಕೂತು ಕೇಳಬೇಕು. ಕಾರವಾರದವರಾದರೆ ಕೊಂಕಣ ರೈಲು ಹತ್ತಿ ಗೋವಾಕ್ಕೆ ಹೋಗಿಬರಬಹುದು, ಪಣಜಿಯ ಕಲಾ ಅಕಾಡೆಮಿಯಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗವೇ ಇದೆ. ನಮಗೆ ಘಟ್ಟ ಇಳಿಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ಅಡಿಕೆ ಕೊಯ್ಲು ಮುಗಿದ ಮೇಲೆ ನಾಲ್ಕು ದಿನ ಅಲ್ಲೇ ಉಳಿಯುವ ಯೋಚನೆ ಇದೆ. ಅಲ್ಲಿಯವರೆಗೆ ಬಿಳಿ ಮೂರರ ಮೇಲಿನ ಸ್ವರಗಳನ್ನು ಸ್ಟ್ರಾದಲ್ಲಿ ಮಾತ್ರ ಮುಟ್ಟುತ್ತೇನೆ.