ವಾಟ್ಸಾಪ್‌ನಲ್ಲಿ ಬರುವ ‘ರೇರ್’ ಆಕ್ಟೋಪಸ್‌ಗೆ ದುಡ್ಡು ಹಾಕಬೇಡಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಅಕ್ವೇರಿಯಂ ಹುಚ್ಚು ಹಚ್ಚಿಕೊಂಡವರಿಗೆ ಇದನ್ನು ಬರೆಯುತ್ತಿದ್ದೇನೆ. ಯಾರಾದರೂ ‘ಮಿಮಿಕ್ ಆಕ್ಟೋಪಸ್, ಇಂಡೋನೇಷ್ಯಾ ಮಾಲು, ಒಂದೇ ಪೀಸ್ ಉಳಿದಿದೆ’ ಅಂತ ವಿಡಿಯೊ ಕಳಿಸಿದರೆ ಅಲ್ಲಿಗೇ ಬಿಟ್ಟುಬಿಡಿ. ಮಿಮಿಕ್ ಅಂದರೆ ಬೇರೆ ಕಡಲಜೀವಿಗಳ ವೇಷ ಹಾಕುವ ಪಟ್ಟೆ ಆಕ್ಟೋಪಸ್. ಸೇಡಂ ರಸ್ತೆಯಲ್ಲಿರುವ ನಮ್ಮ ಭಾವನ ಮನೆಗೆ ಅಂಥದ್ದೊಂದು ಬಂದಿತ್ತು.

ಭಾವ ಈ ಕೆಲಸಕ್ಕೆ ಹೊಸಬರಲ್ಲ. ಉಪ್ಪುನೀರಿನ ಟ್ಯಾಂಕನ್ನು ವರ್ಷಗಟ್ಟಲೆ ನೋಡಿಕೊಂಡವರು. ನಮ್ಮ ಬೋರ್ ನೀರಿನಲ್ಲಿ ಸುಣ್ಣ ಜಾಸ್ತಿ ಅಂತ ಆರ್‌ಓ ನೀರಿಗೇ ಸಮುದ್ರದ ಉಪ್ಪು ಬೆರೆಸುತ್ತಾರೆ. ಹೊರಗೆ 43 ಡಿಗ್ರಿ ಬಿಸಿಲಿದ್ದರೂ ಟ್ಯಾಂಕ್ 25ರ ಆಸುಪಾಸಲ್ಲೇ ಇರಬೇಕು ಅಂತ ಚಿಲ್ಲರ್ ಹಾಕಿಸಿದ್ದಾರೆ. ಕರೆಂಟ್ ಹೋದರೆ ಇನ್ವರ್ಟರ್ ಇದೆ. ‘ಸಾಕೋಕೆ ಬರದವರ ಕೈಲಿ ಸಾಯುತ್ತೆ ಅಷ್ಟೇ’ ಅಂತ ಮಾರುವವರು ಜಾರಿಕೊಳ್ಳುತ್ತಾರಲ್ಲ, ಅದಕ್ಕೇ ಇಷ್ಟು ಹೇಳಿದೆ.

ಮಾರಿದವನು ಭಾವನಿಂದ 18,000 ರೂಪಾಯಿ ಮುಂಗಡ ಹಾಕಿಸಿಕೊಂಡು, ಆಕ್ಟೋಪಸ್ಸನ್ನು ರಾತ್ರಿ ಬಸ್ಸಿನ ಪಾರ್ಸಲ್‌ನಲ್ಲಿ ಕಳಿಸಿದ. ಥರ್ಮೋಕೋಲ್ ಡಬ್ಬಿ ತೆಗೆದಾಗ ಚೀಲದ ನೀರೆಲ್ಲ ಕಪ್ಪು. ದಾರಿಯಲ್ಲಿ ಹೆದರಿ ಮಸಿ ಬಿಟ್ಟಿತ್ತು. ಬಿಗಿದ ಚೀಲದಲ್ಲಿ ಆ ಮಸಿಯೇ ಕಿವಿರಿಗೆ ಅಂಟಿ ಉಸಿರು ಕಟ್ಟಬಹುದು. ಬದುಕಿದ್ದೇ ಹೆಚ್ಚು. ವಿಡಿಯೊದಲ್ಲಿದ್ದ ಕಂದು-ಬಿಳಿ ಪಟ್ಟೆ ಮಾತ್ರ ಅದರ ಮೈಮೇಲೆ ಒಂದು ದಿನವೂ ಕಾಣಲಿಲ್ಲ. ಅದು ಮಿಮಿಕ್ಕೇ ಅಲ್ಲ ಅಂತ ನನ್ನ ಬಲವಾದ ಅನುಮಾನ.

ಇರಲಿ, ಜೀವ ಅಂತೂ ಬಂತು. ಭಾವ ಒಂದು ಮಣ್ಣಿನ ಕುಡಿಕೆ ಇಟ್ಟರು, ಅದರೊಳಗೆ ಸೇರಿಕೊಂಡಿತು. ನೀರಿಗೆ ಬೆರಳಿಟ್ಟರೆ ಒಂದು ತೋಳು ಮೆಲ್ಲಗೆ ಹೊರಗೆ ಬರುತ್ತಿತ್ತು. ತುದಿಯ ಸಣ್ಣ ಬಟ್ಟಲುಗಳು ಒಂದೊಂದಾಗಿ ಬೆರಳಿಗೆ ಅಂಟಿ, ಬಿಟ್ಟು, ಮತ್ತೆ ಅಂಟುತ್ತಿದ್ದವು. ಅವು ಆ ಬಟ್ಟಲುಗಳಿಂದಲೇ ರುಚಿ ನೋಡುತ್ತವೆ. ಅದರ ನರಕೋಶಗಳಲ್ಲಿ ಹೆಚ್ಚಿನವು ಇರೋದು ತಲೆಯಲ್ಲಲ್ಲ, ತೋಳುಗಳಲ್ಲಿ. ರಾತ್ರಿಯಾದರೆ ಮುಚ್ಚಳ ತಳ್ಳುವುದೇ ಕೆಲಸ. ಮೈಯಲ್ಲಿ ಗಟ್ಟಿಯಾಗಿರೋದು ಕೊಕ್ಕೊಂದೇ, ಅದು ತೂರುವಷ್ಟು ಸಂದಿ ಸಿಕ್ಕರೆ ಇಡೀ ಮೈ ತೂರುತ್ತದೆ. 2016ರಲ್ಲಿ ನ್ಯೂಜಿಲೆಂಡಿನ ನೇಪಿಯರ್ ಅಕ್ವೇರಿಯಂನಿಂದ ಇಂಕಿ ಅನ್ನೋ ಆಕ್ಟೋಪಸ್ ಚರಂಡಿ ಪೈಪಿನಲ್ಲಿ ತೂರಿ ಸಮುದ್ರ ಸೇರಿದ್ದು ನಗು ತರಿಸುವ ಸುದ್ದಿಯಾಗಿತ್ತು. ಸೇಡಂ ರಸ್ತೆಯಲ್ಲಿ ತಪ್ಪಿಸಿಕೊಂಡು ಅದು ಎಲ್ಲಿಗೆ ಹೋಗಬೇಕು? ಮುಚ್ಚಳದ ಮೇಲೆ ಶಹಾಬಾದ್ ಕಲ್ಲು ಹೇರಿದೆವು.

ಸ್ವಲ್ಪ ದಿನಕ್ಕೆ ಊಟ ಬಿಟ್ಟಿತು. ಭೀಮಾ ನದಿ ಕಡೆಯಿಂದ ತರಿಸಿದ ಜೀವಂತ ಏಡಿಯನ್ನು ಕುಡಿಕೆ ಬಾಯಿಗೇ ಬಿಟ್ಟರೂ ಆಚೆ ತಳ್ಳುತ್ತಿತ್ತು. ಬಣ್ಣ ಬಿಳುಚಿತು. ‘ಯಾಕೋ ಜಡ್ಡು ಬಂದದ ಅನಸ್ತದ ನೋಡು’ ಅಂದರು ಭಾವ. ಮಾರಿದವನಿಗೆ ಕೇಳಿದರೆ ಒಂದು ಔಷಧಿ ಬಾಟಲಿಯ ಫೋಟೊ ಕಳಿಸಿ, ‘ಹತ್ತು ಹನಿ ಹಾಕಿ, ಸೆಟ್ ಆಗುತ್ತೆ’ ಅಂದ. ಫೋಟೊ ಹಿಗ್ಗಿಸಿ ಲೇಬಲ್ ಓದಿದೆ: ಕಾಪರ್ ಸಲ್ಫೇಟ್. ಮೀನಿನ ಹುಳದ ಔಷಧಿ ಅದು. ಆಕ್ಟೋಪಸ್‌ಗೆ, ಸೀಗಡಿಗೆ ನೀರಿನಲ್ಲಿ ತಾಮ್ರ ಅಂದರೆ ವಿಷ. ಹಾಕಿದ್ದರೆ ಅವತ್ತೇ ಮುಗಿಯುತ್ತಿತ್ತು. ಹಿಂದೆ ತಾಮ್ರದ ಔಷಧಿ ಬಳಸಿದ ಟ್ಯಾಂಕ್ ಕೂಡ ಇದಕ್ಕೆ ಆಗುವುದಿಲ್ಲ. ಮಾರುವವನಿಗೇ ಇಷ್ಟು ಗೊತ್ತಿಲ್ಲ ಅಂದರೆ!

ಕುಡಿಕೆಯೊಳಗೆ ಟಾರ್ಚ್ ಬಿಟ್ಟು ನೋಡಿದಾಗ ವಿಷಯ ತಿಳಿಯಿತು. ಒಳಗೋಡೆಗೆಲ್ಲ ಅಕ್ಕಿಕಾಳಿನಂಥ ಮೊಟ್ಟೆ. ಅದು ಹೆಣ್ಣು. ಹೆಣ್ಣು ಆಕ್ಟೋಪಸ್ ಮೊಟ್ಟೆ ಇಟ್ಟ ಮೇಲೆ ಊಟ ಬಿಟ್ಟು ಅವುಗಳ ಮೇಲೆ ನೀರು ಊದುತ್ತಾ ಕೂರುತ್ತದೆ. ಆಮೇಲೆ ಸಾಯುತ್ತದೆ. ಅದಕ್ಕೆ ಮದ್ದಿಲ್ಲ, ಅದು ರೋಗವೇ ಅಲ್ಲ. ಹೆಚ್ಚಿನ ಜಾತಿಗಳ ಆಯಸ್ಸೇ ಒಂದೆರಡು ವರ್ಷ. ಸಮುದ್ರದಿಂದ ಹಿಡಿದ ದೊಡ್ಡ ಆಕ್ಟೋಪಸ್ಸಿನ ವಯಸ್ಸನ್ನು ನೋಡಿ ಹೇಳೋಕಾಗಲ್ಲ. ‘ಒಳ್ಳೆ ಸೈಜ್’ ಅಂತ ಜಾಸ್ತಿ ದುಡ್ಡು ಕೊಟ್ಟು ನಾವು ಕೊಳ್ಳೋದು ಅನೇಕ ಸಲ ಅದರ ಕೊನೆಯ ದಿನಗಳನ್ನೇ. ಅದರ ಮೊಟ್ಟೆಗಳು ಸಮುದ್ರದಲ್ಲಿ ಒಡೆಯಬೇಕಿತ್ತು, ಇಲ್ಲಿ ಒಡೆಯಲೇ ಇಲ್ಲ. ಮೈಮೇಲೆ ಬಿಳಿ ಗಾಯಗಳೆದ್ದು ತಾಯಿಯೂ ಸತ್ತಿತು.

ಮಿಮಿಕ್, ಅದರಂತೆಯೇ ಪಟ್ಟೆಯಿರುವ ವಂಡರ್‌ಪಸ್ ಅನ್ನೋ ಆಕ್ಟೋಪಸ್, ಇವೆರಡರ ವಿಷಯ ಇನ್ನೂ ಕೆಟ್ಟದು. ಮಿಮಿಕ್ ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಬಳಿ ವಿಜ್ಞಾನಿಗಳ ಕಣ್ಣಿಗೆ ಬಿದ್ದಿದ್ದು 1998ರಲ್ಲಿ, ಶಾಸ್ತ್ರೀಯ ಹೆಸರು ಸಿಕ್ಕಿದ್ದು 2005ರಲ್ಲಿ. ವಂಡರ್‌ಪಸ್‌ಗೆ 2006ರಲ್ಲಿ. ಮಾರಾಟಕ್ಕೆ ಬರುವ ಇವು ಸಾಕಿ ಬೆಳೆಸಿದವಲ್ಲ, ಸಮುದ್ರದಿಂದ ಎತ್ತಿದವು. ‘ರೇರ್’ ಅನ್ನೋದು ಬೆಲೆ ಏರಿಸೋಕೆ ಕಾರಣ ಆಗಬೇಕೋ, ಮುಟ್ಟದೇ ಬಿಡೋಕೋ?

‘ಕರಾವಳಿಯಲ್ಲಿ ತಿಂತಾರಲ್ಲ’ ಅಂತ ಒಬ್ಬರು ನನಗೆ ಕೇಳಿದರು. ತಿನ್ನುವವರ ತಂಟೆಗೆ ನಾನು ಹೋಗುತ್ತಿಲ್ಲ. ಪ್ರೀತಿಯಿಂದ ಸಾಕುತ್ತೇವೆ ಅಂತ ಹೇಳಿಕೊಂಡು ತರಿಸುವವರ ಮಾತಿದು. ಆಕ್ಟೋಪಸ್, ಏಡಿಗಳಿಗೂ ನೋವು ತಿಳಿಯುತ್ತದೆ ಅಂತ ಬ್ರಿಟನ್ 2022ರ ಕಾನೂನಿನಲ್ಲೇ ಒಪ್ಪಿಕೊಂಡಿದೆ. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೂ ಪ್ರಾಣಿ ಅಂದರೆ ಮನುಷ್ಯನನ್ನು ಬಿಟ್ಟು ಎಲ್ಲ ಜೀವಿ.

ಇನ್ನೊಂದು. ಪಾರ್ಸಲ್ ಜೊತೆ ‘ಲೈವ್ ರಾಕ್ ಫ್ರೀ’ ಅಂತ ಸಣ್ಣ ಜೀವಿಗಳು ಅಂಟಿಕೊಂಡ ಸಮುದ್ರದ ಕಲ್ಲು ಕಳಿಸುತ್ತಾರೆ. ಅದು ಹವಳದ ತುಂಡಾಗಿದ್ದರೆ ವನ್ಯಜೀವಿ ಕಾಯ್ದೆಯ ಕೇಸು ಮನೆಯಲ್ಲಿಟ್ಟುಕೊಂಡ ನಿಮ್ಮ ಮೇಲೂ ಬೀಳುತ್ತದೆ. ಹುಲಿ ಇರುವ ಪಟ್ಟಿಯಲ್ಲೇ ಹವಳವೂ ಇದೆ.

ದುಡ್ಡು ವಾಪಸ್ ಕೇಳಿದ್ದಕ್ಕೆ, ‘ಗ್ಯಾರಂಟಿ ಚೀಲ ಒಡೆದ ಎರಡು ಗಂಟೆ ಮಾತ್ರ ಸಾರ್’ ಅಂದ. ಮರುದಿನ ಭಾವನಿಗೆ ಅದೇ ವಿಡಿಯೊ ಮತ್ತೆ ಬಂತು. ಈ ಸಲ ಅರ್ಧ ಬೆಲೆ, ಹಳೇ ಗಿರಾಕಿ ಅಂತ.