ಭಾನುವಾರದ ಮಕ್ಕಳ ನಿಸರ್ಗ ಬಳಗ: ಒಂದು ವರ್ಷ ಮುಂದಾಳಾಗಿದ್ದವಳ ವಿಮರ್ಶೆ

ಎಂಟರಿಂದ ಹನ್ನೆರಡು ವರ್ಷದ ಮಕ್ಕಳನ್ನು ತಿಂಗಳಿಗೆ ಎರಡು ಭಾನುವಾರ ಬೆಳಿಗ್ಗೆ ಕೆರೆ, ತೋಪುಗಳಿಗೆ ಕರೆದೊಯ್ಯುವ ಮೈಸೂರಿನ ಒಂದು ಬಳಗದಲ್ಲಿ ನಾನು ಒಂದು ವರ್ಷದಿಂದ ಸ್ವಯಂಸೇವಕಿಯಾಗಿ ಮುಂದಾಳಿನ ಹೊಣೆ ಹೊತ್ತಿದ್ದೇನೆ. ಬಳಗವನ್ನು ನಡೆಸುವ ಸಂಸ್ಥೆಯ ಹೆಸರನ್ನು ಬೇಕೆಂದೇ ಬರೆದಿಲ್ಲ; ಇಂಥ ಬಳಗಗಳು ಬೇರೆ ಊರುಗಳಲ್ಲೂ ಇರುವುದರಿಂದ, ಸೇರಲು ಯೋಚಿಸುತ್ತಿರುವವರಿಗೆ ಹೆಸರಿಗಿಂತ ಒಳಗಿನ ವ್ಯವಸ್ಥೆಯ ವಿವರವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಈ ಸಂಸ್ಥೆ ಬಹಳ ಅಚ್ಚುಕಟ್ಟು, ಆದರೆ ಮಕ್ಕಳಿಗೆ ನೋಡುವುದನ್ನು ಕಲಿಸುವ ವಿಷಯದಲ್ಲಿ ಅದು ಹಕ್ಕಿಗಳ ಹೆಸರಿನ ಪಟ್ಟಿಯನ್ನು ದಾಟಿಲ್ಲ.

ಸೇರುವಾಗ ಎರಡು ದಿನದ ತರಬೇತಿ ಕೊಟ್ಟರು. ಮೊದಲ ದಿನವಿಡೀ ಸುರಕ್ಷತೆಯ ಪಾಠ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ ಪೊಲೀಸರಿಗೆ ತಿಳಿಸುವುದು ಸ್ವಯಂಸೇವಕರಿಗೂ ಕಡ್ಡಾಯವೆಂಬುದನ್ನು ವಿವರಿಸಿದರು. ಯಾವ ಮಗುವಿನೊಡನೆಯೂ ಒಬ್ಬರೇ ದೊಡ್ಡವರು ಮರೆಯಲ್ಲಿ ಇರಬಾರದೆಂಬ ನಿಯಮಕ್ಕೆ ಸಹಿ ಹಾಕಿಸಿಕೊಂಡರು. ಹೆಜ್ಜೇನು ಎದ್ದರೆ ಕೈ ಬೀಸುತ್ತಾ ನಿಲ್ಲದೆ ಮುಖ ಮುಚ್ಚಿಕೊಂಡು ಕಟ್ಟಡದ ಅಥವಾ ವಾಹನದ ಒಳಗೆ ಓಡಬೇಕು, ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಯಾವುದನ್ನೂ ಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು ಎಂಬುದನ್ನು ಬಾಯಿಪಾಠವಾಗುವಷ್ಟು ಸಲ ಹೇಳಿಸಿದರು. ಇಷ್ಟು ಶ್ರದ್ಧೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಎರಡನೆಯ ದಿನ ಮಾತ್ರ ಪರದೆಯ ಮೇಲೆ ಅರವತ್ತು ಹಕ್ಕಿಗಳ ಚಿತ್ರ ತೋರಿಸಿ ಹೆಸರು ಕೇಳುವ ಪರೀಕ್ಷೆಯಲ್ಲೇ ಕಳೆದುಹೋಯಿತು.

ನಮ್ಮ ಗುಂಪು ಹೆಚ್ಚಾಗಿ ಹೋಗುವುದು ಕುಕ್ಕರಹಳ್ಳಿ ಕೆರೆಗೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಈ ಕೆರೆ ಈಗ ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಪಕ್ಕದಲ್ಲಿ, ಊರಿನ ನಡುವೆಯೇ ಇದೆ. ಹೆಜ್ಜಾರ್ಲೆ (ಪೆಲಿಕನ್), ನೀರುಕಾಗೆ, ಹಾವಕ್ಕಿಗಳು ಬರಿಗಣ್ಣಿಗೇ ಕಾಣುವುದರಿಂದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ವಾಯುವಿಹಾರಕ್ಕೆ ಬರುವವರ ದಟ್ಟಣೆ ಹೆಚ್ಚಾಗುವ ಮೊದಲು, ಆರೂವರೆಗೆಲ್ಲ ಏರಿಯ ಮೇಲಿರಬೇಕು.

ಸಂಸ್ಥೆ ಕೊಡುವ ಸಾಮಗ್ರಿಯ ಬಗ್ಗೆ ಒಳ್ಳೆಯ ಮಾತು ಹೇಳಲಾರೆ. ಚೀಲದಲ್ಲಿ ನಾಲ್ಕು 10×50 ಬೈನಾಕ್ಯುಲರ್‌ಗಳಿವೆ (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ). ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಯಂತ್ರ ಕೈಯ ನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ. ಅದರ ಭಾರಕ್ಕೆ ಒಂಬತ್ತು ವರ್ಷದ ಮಗುವಿನ ಕೈ ಎರಡೇ ನಿಮಿಷದಲ್ಲಿ ಸೋಲುತ್ತದೆ. ಜೊತೆಗೆ ಎರಡು ಕೊಳವೆಗಳನ್ನು ಎಷ್ಟು ಹತ್ತಿರ ಮಡಿಸಿದರೂ ಚಿಕ್ಕ ಮಕ್ಕಳ ಕಣ್ಣುಗಳ ಅಂತರಕ್ಕೆ ಅವು ಹೊಂದುವುದಿಲ್ಲವಾದ್ದರಿಂದ, ಮಕ್ಕಳು ಒಂದೇ ಕಣ್ಣಿನಲ್ಲಿ ನೋಡಿ, ಕಂಡಿತೆಂದು ನಮ್ಮ ಸಮಾಧಾನಕ್ಕೆ ಹೇಳುತ್ತಾರೆ. ಹಗುರವಾದ 8×30 ಅಥವಾ 6×30 ಬೈನಾಕ್ಯುಲರ್ ಎರಡೇ ಇದ್ದಿದ್ದರೂ ಸಾಕಾಗಿತ್ತು.

ವರದಿಯ ನಮೂನೆಯ ಮೇಲಿನ ದೂರು ಇದಕ್ಕಿಂತ ದೊಡ್ಡದು. ಪ್ರತಿ ನಡಿಗೆಯ ನಂತರ ನಾವು ತುಂಬಿ ಕಳಿಸಬೇಕಾದ ಆ ಹಾಳೆಯಲ್ಲಿ ಕಂಡ ಹಕ್ಕಿಗಳ ಹೆಸರಿಗೆ ಮತ್ತು ಸಂಖ್ಯೆಗೆ ಮಾತ್ರ ಜಾಗವಿದೆ. ಜುಲೈನ ಒಂದು ಬೆಳಿಗ್ಗೆ ನಾನು ಹೆಜ್ಜಾರ್ಲೆಯ ಕೊಕ್ಕಿನ ಚೀಲದ ಬಗ್ಗೆ ಹೇಳುತ್ತಿದ್ದಾಗ ಹಿಂದಿನಿಂದ ಒಬ್ಬ ಹುಡುಗ, “ಆಂಟಿ, ಇಲ್ಲಿ ಇರುವೆ ಎಲೆ ಹೊಲೀತಿದೆ” ಎಂದು ಕೂಗಿದ. ಮಾವಿನ ಕೊಂಬೆಯಲ್ಲಿ ಚಗಳಿ ಇರುವೆಗಳು ಸಾಲಾಗಿ ನಿಂತು ಎರಡು ಎಲೆಗಳ ಅಂಚನ್ನು ಎಳೆದು ಹಿಡಿದಿದ್ದರೆ, ಇನ್ನು ಕೆಲವು ತಮ್ಮದೇ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಅತ್ತಿಂದಿತ್ತ ಓಡಾಡಿಸುತ್ತಾ, ಅವು ಬಿಡುವ ರೇಷ್ಮೆಯ ಎಳೆಯಿಂದ ಅಂಚುಗಳನ್ನು ಬೆಸೆಯುತ್ತಿದ್ದವು. ಹದಿನಾಲ್ಕು ಮಕ್ಕಳು ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ಅಜ್ಜಿಮನೆ ಸಾಗರದ ಕಡೆಗಿರುವ ಹುಡುಗಿಯೊಬ್ಬಳು ಇದರ ಚಟ್ನಿ ತಿಂದಿದ್ದೇನೆಂದು ಹೇಳಿದಾಗ ಅರ್ಧದಷ್ಟು ಮಕ್ಕಳು ಮುಖ ಕಿವಿಚಿದರು, ಉಳಿದವರು ರುಚಿ ಹೇಗಿತ್ತೆಂದು ಕೇಳಿದರು, ಹುಳಿ ಎಂದಳು. ಅಂದು ನಮೂನೆಯಲ್ಲಿ ನಾನು ಬರೆಯಲು ಸಾಧ್ಯವಾದದ್ದು ಏಳು ಹಕ್ಕಿಗಳನ್ನು ಮಾತ್ರ. ನಡಿಗೆಯ ಗುಣಮಟ್ಟ ಸುಧಾರಿಸಬೇಕೆಂದು ಸಂಯೋಜಕರಿಂದ ವಿನಯದ ಸಂದೇಶವೂ ಬಂತು.

ಇದಾದ ಮೇಲೆ ನಾನು ಸಂಸ್ಥೆಯ ಪಟ್ಟಿಯನ್ನು ಚೀಲದಲ್ಲೇ ಬಿಟ್ಟು ಸೀಸನ್‌ವಾಚ್ ಯೋಜನೆಯ ಕ್ರಮವನ್ನು ಹಿಡಿದೆ. ಒಂದು ಮರವನ್ನು ಆರಿಸಿಕೊಂಡು, ಅದರ ಚಿಗುರು, ಬಲಿತ ಎಲೆ, ಮೊಗ್ಗು, ಹೂ, ಕಾಯಿ, ಹಣ್ಣುಗಳು ಇವೆಯೇ, ಸ್ವಲ್ಪವೇ, ಹೆಚ್ಚೇ ಎಂದು ವಾರಕ್ಕೊಮ್ಮೆ ದಾಖಲಿಸುವುದಷ್ಟೇ ಅಲ್ಲಿನ ಕೆಲಸ. ವಾರಕ್ಕೊಮ್ಮೆ ಎಂಬುದು ನಮ್ಮ ಎರಡು ಭಾನುವಾರಗಳಿಗೆ ಹೊಂದದ ಕಾರಣ, ಪ್ರತಿ ಮಗುವೂ ತನ್ನ ಬೀದಿಯ ಮರವೊಂದನ್ನು ಆರಿಸಿಕೊಳ್ಳುವಂತೆ ಮಾಡಿದೆ. ಹೊಂಗೆಯನ್ನು ಆರಿಸಿಕೊಂಡವರಿಗೆ ಅದೃಷ್ಟ: ಬೇಸಿಗೆಯ ಆರಂಭದಲ್ಲಿ ಬೋಳಾದ ಮರ ಯುಗಾದಿಯ ಹೊತ್ತಿಗೆ ಮಿರುಗುವ ಚಿಗುರು ಹೊದ್ದು, ಆಮೇಲೆ ಹೂವನ್ನು ನೆಲಕ್ಕೆ ಹಾಸುವುದನ್ನು ಅವರು ಕೆಲವೇ ವಾರಗಳಲ್ಲಿ ನೋಡಿಬಿಟ್ಟರು. ಮಳೆಮರ ಹಿಡಿದ ಒಬ್ಬ ಹುಡುಗ ಮಾತ್ರ ಏನೂ ಆಗುತ್ತಿಲ್ಲವೆಂದು ಎರಡು ತಿಂಗಳು ಗೊಣಗಿದ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆಯಲ್ಲೂ ಭಾಗವಹಿಸಿದೆವು. ಹದಿನೈದು ನಿಮಿಷ ಒಂದೆಡೆ ನಿಂತು ಎಣಿಸಿದರೂ ಅಲ್ಲಿ ಸಲ್ಲುವುದರಿಂದ ಈ ವಯಸ್ಸಿನ ಮಕ್ಕಳ ತಾಳ್ಮೆಗೆ ಅದು ಸರಿಹೊಂದುತ್ತದೆ.

ಸ್ವಯಂಸೇವಕರ ಸಮಯದ ಬಗ್ಗೆ ಸಂಸ್ಥೆ ಹೇಳುವ ಲೆಕ್ಕವನ್ನು ನಂಬಬೇಡಿ. ತಿಂಗಳಿಗೆ ಆರು ಗಂಟೆ ಎನ್ನುತ್ತಾರೆ. ಜೇನುಗೂಡು, ಒಡೆದ ಗಾಜು, ಬೀದಿನಾಯಿಗಳನ್ನು ನೋಡಿಕೊಂಡು ಬರಲು ಹಿಂದಿನ ದಿನದ ಸುತ್ತಾಟ, ಪೋಷಕರ ಕರೆಗಳು, ವರದಿ ಎಲ್ಲ ಸೇರಿ ಹದಿನೈದು ಗಂಟೆಗೆ ಕಡಿಮೆಯಾಗುವುದಿಲ್ಲ. ಪೆಟ್ರೋಲಿನ ಖರ್ಚೂ ನಮ್ಮದೇ. ಹದಿನೈದು ಮಕ್ಕಳಿಗೆ ಇಬ್ಬರು ದೊಡ್ಡವರಿರಬೇಕೆಂಬುದು ಅವರದೇ ನಿಯಮವಾದರೂ, ವರ್ಷದಲ್ಲಿ ಮೂರು ಸಲ ಎರಡನೆಯವರು ಬಾರದೆ ನಾನು ನಡಿಗೆಯನ್ನೇ ರದ್ದುಮಾಡಬೇಕಾಯಿತು.

ಮುಂದಿನ ವರ್ಷಕ್ಕೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೇನೆ. ಅದರ ಜೊತೆಗೆ, ವರದಿಯ ಹಾಳೆಯಲ್ಲಿ ಹಕ್ಕಿಗಳ ಕೋಷ್ಟಕದ ಕೆಳಗೆ “ಮಕ್ಕಳು ಎಲ್ಲಿ ನಿಂತರು, ಎಷ್ಟು ಹೊತ್ತು” ಎಂಬ ಒಂದು ಸಾಲನ್ನು ಸೇರಿಸಿಕೊಡಬೇಕೆಂದು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.