ಬಾಟಲಿ, ಮಾತ್ರೆ, 95 ಪೆಟ್ರೋಲ್: ನನ್ನ ವ್ಯಾಗನ್ ಆರ್ ಮೈಲೇಜ್ ಲೆಕ್ಕ

"ಸಾರ್, ಅಡಿಟಿವ್ ಹಾಕ್ಲಾ? ಲೀಟರಿಗೆ ಎರಡು ಕಿಲೋಮೀಟರ್ ಜಾಸ್ತಿ ಬರುತ್ತೆ."

ಬಂಕಿನ ಹುಡುಗ ಹೀಗೆ ಕೇಳಿದ ದಿನ ನಾನು ಹೂಂ ಅಂದುಬಿಟ್ಟೆ. ಅಡಿಟಿವ್ ಅಂದರೆ ಮೈಲೇಜ್ ಏರುತ್ತದೆ ಅಂತ ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಬಾಟಲಿ ದ್ರವ. ನನ್ನದು 2014ರ ವ್ಯಾಗನ್ ಆರ್, ಪೆಟ್ರೋಲ್. ಮೈಸೂರಿನಿಂದ ಮಂಡ್ಯಕ್ಕೆ ದಿನಾ ಓಡಾಟ. ಮೊದಲು ಲೀಟರಿಗೆ 18ರ ಹತ್ತಿರ ಕೊಡುತ್ತಿದ್ದ ಗಾಡಿ ಈಗ 17 ಮುಟ್ಟಲೂ ತಿಣುಕುತ್ತಿದೆ. ಅದಕ್ಕೆ ಒಂದು ಕಾರಣ ಎಲ್ಲರಿಗೂ ಗೊತ್ತಿರುವುದೇ. ಬಂಕಿನಲ್ಲಿ ಈಗ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ. ನನ್ನಂಥ ಹಳೇ ಕಾರುಗಳಿಗೆ ಇದರಿಂದ ನೂರಕ್ಕೆ 6-7ರಷ್ಟು ಮೈಲೇಜ್ ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯಲ್ಲೇ ಇದೆ.

ಹೋದದ್ದು ಬಾಟಲಿಯಿಂದ ವಾಪಸ್ ಬರುತ್ತದಾ? ಆರೇಳು ತಿಂಗಳು ನೋಟ್‌ಬುಕ್ ಹಿಡಿದು ನೋಡಿದ್ದೇನೆ.

ಅಳೆಯುವ ವಿಷಯ ಮೊದಲು ಹೇಳಿಬಿಡುತ್ತೇನೆ, ಎಲ್ಲರೂ ಎಡವುವುದು ಅಲ್ಲೇ. ಒಂದೇ ಬಂಕ್, ಒಂದೇ ಮೆಷಿನ್, ನಳಿಕೆ ಟಕ್ ಅಂದ ಕೂಡಲೇ ನಿಲ್ಲಿಸಬೇಕು. "ರೌಂಡ್ ಫಿಗರ್ ಮಾಡ್ಲಾ ಸಾರ್?" ಅಂದರೆ ಬೇಡ ಅನ್ನಬೇಕು. ಇಷ್ಟು ಮಾಡಿದರೂ ಕಾರು ಒಂಚೂರು ವಾಲಿ ನಿಂತಿದ್ದರೆ ಅರ್ಧ ಲೀಟರ್ ಆಚೆ ಈಚೆ ಆಗುತ್ತದೆ. ನನಗೆ ವಾರಕ್ಕೆ ಬೇಕಾಗುವುದು 27 ಲೀಟರ್. ಅದರಲ್ಲಿ ಅರ್ಧ ಲೀಟರ್ ಅಂದರೆ ಹೆಚ್ಚುಕಡಿಮೆ ನೂರಕ್ಕೆ ಎರಡು. ಏನೂ ಹಾಕದೆ ಓಡಿಸಿದ ಮೊದಲ ಮೂರು ವಾರಗಳಲ್ಲಿ ನನಗೆ ಬಂದದ್ದು 16.4, 16.9, 16.6. ಈ ಅಂತರಕ್ಕೆ ಅರ್ಥವೇ ಇಲ್ಲ. ಬಂಕಿನ ಹುಡುಗ 16.4ರ ವಾರ ಬಿಟ್ಟು 16.9ರ ವಾರ ಬಾಟಲಿ ಸುರಿದಿದ್ದರೆ ನಾನು ಅವನ ಭಕ್ತನಾಗಿರುತ್ತಿದ್ದೆ.

ಬಾಟಲಿ ಹಾಕಿದ ಮೊದಲ ವಾರ 17.2 ಬಂತು. ಖುಷಿಯೋ ಖುಷಿ. ಮನೆಯವರೆಲ್ಲರಿಗೂ ಹೇಳಿದೆ. ಭಾಮೈದ ಮಾತ್ರ ನಂಬಲಿಲ್ಲ. "ಭಾವ, ನಾನೂರು ರೂಪಾಯಿ ಸುರಿದಿದ್ದೀರಲ್ಲ, ಅದಕ್ಕೇ ಈ ವಾರ ಮೆಲ್ಲಗೆ ಓಡಿಸಿದ್ದೀರಿ" ಅಂದ. ಯೋಚಿಸಿದರೆ ಹೌದು, ಶ್ರೀರಂಗಪಟ್ಟಣ ದಾಟಿದ ಮೇಲೆ ಆಕ್ಸಿಲರೇಟರ್ ತುಳಿಯುವಾಗಲೆಲ್ಲ ಬಾಟಲಿ ನೆನಪಾಗುತ್ತಿತ್ತು.

ಆಮೇಲೆ ಅವನೇ ಒಂದು ಉಪಾಯ ಹೇಳಿದ. ನಾಲ್ಕು ವಾರ, ಪ್ರತಿ ಭಾನುವಾರ ಸಂಜೆ ಅವನು ಕೀ ತೆಗೆದುಕೊಂಡು ಹೋಗುವುದು. ನಾಣ್ಯ ಚಿಮ್ಮಿ ಬಾಟಲಿ ಹಾಕುವುದೋ ಬಿಡುವುದೋ ಅವನಿಗೇ ಬಿಟ್ಟದ್ದು. ನನಗೆ ಹೇಳುವ ಹಾಗಿಲ್ಲ. ಬಾಟಲಿಯಲ್ಲಿರುವುದಕ್ಕೆ ಸೀಮೆಎಣ್ಣೆ ತರಹ ವಾಸನೆ, ಅದಕ್ಕೆ ಕೈ ತೊಳೆದು, ಟ್ಯಾಂಕಿನ ಮುಚ್ಚಳ ಒರೆಸಿ ಬರುತ್ತಿದ್ದ. ಅವನು ಒಳಗೆ ಹೋದ ಮೇಲೆ ನಾನು ಹೋಗಿ ಮುಚ್ಚಳ ಮೂಸಿ ನೋಡಿದ್ದೂ ಉಂಟು, ಸುಳ್ಳು ಯಾಕೆ ಹೇಳಲಿ. ಏನೂ ತಿಳಿಯಲಿಲ್ಲ.

ಕೊನೆಗೆ ಅವನು ಬರೆದಿಟ್ಟಿದ್ದ ಚೀಟಿ ಬಿಚ್ಚಿದಾಗ ಹೀಗಿತ್ತು: ಬಾಟಲಿ ಹಾಕಿದ ವಾರಗಳಲ್ಲಿ 16.7 ಮತ್ತು 16.9. ಹಾಕದ ವಾರಗಳಲ್ಲಿ 17.0 ಮತ್ತು 16.5. "ಈ ವಾರ ಎಂಜಿನ್ ಬೆಣ್ಣೆ ತರಹ ಓಡ್ತಿದೆ, ಹಾಕಿದ್ದೀಯ" ಅಂತ ಗ್ಯಾರಂಟಿಯಾಗಿ ಹೇಳಿದ್ದ ವಾರ ಅವನು ಹಾಕಿಯೇ ಇರಲಿಲ್ಲ. ನಾಲ್ಕರಲ್ಲಿ ಎರಡು ಸರಿ ಹೇಳಿದ್ದೆ. ಅಷ್ಟು ನಾಣ್ಯವೂ ಹೇಳುತ್ತದೆ. ಈ ಪರೀಕ್ಷೆಯಲ್ಲೂ ಒಂದು ಓರೆಕೋರೆ ಇದೆ. ಬಾಟಲಿಯಲ್ಲಿರುವುದು ಎಂಜಿನ್ ಒಳಗಿನ ಕಸ ತೆಗೆಯುವ ದ್ರವ. ಅದು ಒಂದು ಸಲ ಕೆಲಸ ಮಾಡಿದರೆ ಅದರ ಫಲ ಮುಂದಿನ ವಾರಕ್ಕೂ ಇರುತ್ತದೆ. ಹಾಗಂತ ನಾಲ್ಕೂ ವಾರ ಕೂಡಿಸಿ ಸರಾಸರಿ ತೆಗೆದರೂ 16.8ರ ಹತ್ತಿರವೇ, ಮೊದಲಿನದ್ದು 16.6. ವಾಲಿ ನಿಂತ ಕಾರಿನ ಲೆಕ್ಕದಲ್ಲಿ ಇದು ಮುಳುಗಿಹೋಗುತ್ತದೆ.

ಆಮೇಲೆ ಟ್ಯಾಂಕಿಗೆ ಹಾಕುವ ಮಾತ್ರೆ, ಆನ್‌ಲೈನ್‌ನಲ್ಲಿ ತರಿಸಿದ್ದು. ಪೆಟ್ರೋಲ್ ಪೂರ್ತಿ ಉರಿಯುವ ಹಾಗೆ ಮಾಡುತ್ತದಂತೆ. ಬಿಸಿಯಾದ ಎಂಜಿನ್‌ನಲ್ಲಿ ಪೆಟ್ರೋಲ್ ಹೆಚ್ಚುಕಡಿಮೆ ಪೂರ್ತಿಯೇ ಉರಿಯುತ್ತದೆ, ಉರಿಯದೆ ಉಳಿಯುವುದು ನೂರಕ್ಕೆ ಒಂದೆರಡು. ನಷ್ಟವಾಗುವುದು ಉರಿದ ಮೇಲೆ. ಮೂರನೇ ಎರಡು ಭಾಗದಷ್ಟು ಶಕ್ತಿ ಬಿಸಿಯಾಗಿ ರೇಡಿಯೇಟರ್ ಮತ್ತು ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಅದನ್ನು ಮಾತ್ರೆ ಹೇಗೆ ಹಿಡಿದಿಡುತ್ತದೆ? ಕಾಲೇಜಿನಲ್ಲಿ ಬೈಕಿನ ಟ್ಯಾಂಕಿಗೆ ನುಸಿಗುಳಿಗೆ ಹಾಕುತ್ತಿದ್ದ ಗೆಳೆಯರಿದ್ದರು, ಅದೇ ಕುಲ. ಒಳಗೆ ಏನಿದೆ ಅಂತ ಡಬ್ಬಿಯ ಮೇಲೆ ಬರೆದಿರಲಿಲ್ಲ. 16.5 ಬಂತು, ಅಲ್ಲಿಗೇ ನಿಲ್ಲಿಸಿದೆ.

ಪ್ರೀಮಿಯಂ 95 ಪೆಟ್ರೋಲ್ ಎರಡು ವಾರ ಹಾಕಿಸಿದೆ, ಲೀಟರಿಗೆ ಏಳೆಂಟು ರೂಪಾಯಿ ಜಾಸ್ತಿ ಕೊಟ್ಟು. 16.7, 16.8. ಈ 95 ಅನ್ನುವುದು ಆಕ್ಟೇನ್ ಅಂಕಿ. ಆಕ್ಟೇನ್ ಅಂದರೆ ಶಕ್ತಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಎಂಜಿನ್ ಒಳಗೆ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿಯದೆ ತಡೆದುಕೊಳ್ಳುವ ಗುಣ, ಅಷ್ಟೇ. ಮಾಮೂಲಿ ಇ20 ಪೆಟ್ರೋಲೇ ಈಗ 95 ಆಕ್ಟೇನ್ ಅಂತ 2025ರಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಆಮೇಲೆ ಓದಿ ತಲೆ ಚಚ್ಚಿಕೊಂಡೆ.

ಹಾಗಾದರೆ ಬಾಟಲಿ ಬರೀ ಮೋಸವಾ ಅಂದರೆ, ಅಲ್ಲ. ಒಳ್ಳೆಯ ಬಾಟಲಿಗಳಲ್ಲಿ ಪಾಲಿಈಥರ್ ಅಮೀನ್ ಅನ್ನುವ ರಾಸಾಯನಿಕ ಇರುತ್ತದೆ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗೆ ಕಟ್ಟಿಕೊಂಡ ಕಿಟ್ಟವನ್ನು ಅದು ನಿಜವಾಗಿಯೂ ಬಿಡಿಸುತ್ತದೆ. ಭಾಮೈದನ ಹಳೇ ಕಾರು ಎಂಟು ತಿಂಗಳು ಸುಮ್ನೆ ನಿಂತಿತ್ತು. ಸಿಗ್ನಲ್‌ನಲ್ಲಿ ನಿಂತರೆ ಸ್ಟೀರಿಂಗ್ ನಡುಗುತ್ತಿತ್ತು. ನನ್ನ ಒಂದು ಬಾಟಲಿ ಅದಕ್ಕೆ ಹಾಕಿದೆವು. ಎರಡನೇ ಟ್ಯಾಂಕ್ ಮುಗಿಯುವಷ್ಟರಲ್ಲಿ ನಡುಕ ನಿಂತಿತು, ಮೈಲೇಜೂ 12ರಿಂದ 13 ದಾಟಿತು. ನನ್ನ ಮೆಕ್ಯಾನಿಕ್‌ಗೆ ಇದನ್ನು ಹೇಳಿದರೆ ನಕ್ಕ. "ಅವ್ರ ಗಾಡೀಲಿ ಕಸ ಇತ್ತು ಸಾರ್. ದಿನಾ ಹೈವೇಲಿ ಓಡೋ ನಿಮ್ ಗಾಡೀಲಿ ಕಸಾನೇ ಇಲ್ಲ, ಏನ್ ಕ್ಲೀನ್ ಮಾಡ್ತೀರ?"

ದುಡ್ಡಿನ ಲೆಕ್ಕವೂ ನೋಡಿ. ಬಾಟಲಿಗೆ 400 ರೂಪಾಯಿ, ಪೆಟ್ರೋಲ್ ಆಗ 103ರ ಆಸುಪಾಸು. ಬಾಟಲಿಯ ದುಡ್ಡು ಹುಟ್ಟಬೇಕಾದರೆ 27 ಲೀಟರಿನ ಓಟ 23 ಲೀಟರಿನಲ್ಲಿ ಮುಗಿಯಬೇಕು. ಅಂದರೆ 16.6 ಇದ್ದದ್ದು 19.5 ಆಗಬೇಕು. ಅಮೆರಿಕದ ಪರಿಸರ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಮಾನುಗಳನ್ನು ಪರೀಕ್ಷೆ ಮಾಡಿದೆ. ಮೈಲೇಜ್ ಗಮನಕ್ಕೆ ಬರುವಷ್ಟು ಏರಿಸಿದ್ದು ಅದರಲ್ಲಿ ಒಂದೂ ಇಲ್ಲ.

ಕೊನೆಗೆ ಟೈರಿನ ಗಾಳಿ ನೋಡಿಸಿದೆ. ನಾಲ್ಕೂ 26ರಲ್ಲಿದ್ದವು, ಡೋರಿನ ಸ್ಟಿಕರ್ ಹೇಳುವುದಕ್ಕಿಂತ ಏಳು ಕಡಿಮೆ. ನಾಚಿಕೆಯಾಯಿತು. ಗಾಳಿ ತುಂಬಿಸಿದ ವಾರ 17.0. ಅದರ ಮುಂದಿನ ವಾರ ಹೈವೇಯಲ್ಲಿ 100ರ ಬದಲು 80 ದಾಟದೆ ಓಡಿಸಿದೆ. 18.8! ನೋಟ್‌ಬುಕ್‌ನಲ್ಲಿ ಎರಡು ಸಲ ಭಾಗಿಸಿ ನೋಡಿದೆ. ವೇಗ ಐದನೇ ಒಂದು ಭಾಗ ಇಳಿದರೆ ಎದುರು ಗಾಳಿಯ ತಡೆ ಮೂರನೇ ಒಂದಕ್ಕಿಂತ ಜಾಸ್ತಿ ಇಳಿಯುತ್ತದೆ, ಅದರ ಆಟ ಇದು. ಆಫೀಸಿಗೆ ತಡವಾಗಿದ್ದು ದಿನಕ್ಕೆ ನಾಲ್ಕೈದು ನಿಮಿಷ. ಹಿಂದಿನಿಂದ ಲಾರಿಯವರು ಹಾರ್ನ್ ಹೊಡೆದದ್ದಕ್ಕೆ ಲೆಕ್ಕ ಇಟ್ಟಿಲ್ಲ.

ಇನ್ನೊಂದು ಬಾಟಲಿ ಸೀಲ್ ಒಡೆಯದೆ ಡಿಕ್ಕಿಯಲ್ಲೇ ಬಿದ್ದಿದೆ. ಭಾಮೈದ ಕೇಳುತ್ತಿದ್ದಾನೆ. ಎಂಆರ್‌ಪಿಗೇ ಕೊಡೋದು ಅಂದಿದ್ದೇನೆ.